ಗಾಳಿಗೆ ಯಾರು ಎದೆ ಕೊಟ್ಟಿದ್ದಾರೆ, ಅದನ್ನು ನೋಡಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳು ಹೆಚ್ಚುಕಮ್ಮಿ ಒಂದೇ ಥರದವರಿಂದ ಬಂದಿವೆ. ಬೆಳಗ್ಗೆ ಎದ್ದು ಸೈಕಲ್ ತುಳಿಯುವವರು, ಬಿಡುವಾದಾಗ ಕೂತು ದೊಡ್ಡ ರೇಸ್‌ಗಳನ್ನು ನೋಡುವವರು. ನಾನೂ ಅದೇ ಗುಂಪಿನವನು. ಹಾಗಾಗಿ ಕೆಲವು ಉತ್ತರ ಉದ್ದ ಆಗಿವೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ವಾರಕ್ಕೆ ಮೂರು ನಾಲ್ಕು ದಿನ ರೋಡ್ ಬೈಕ್ ಓಡಿಸುತ್ತೇನೆ. ಟೂರ್ ಡಿ ಫ್ರಾನ್ಸ್ ನೋಡೋಣ ಅಂತ ಕೂತರೆ ನಾಲ್ಕೈದು ಗಂಟೆ ಎಲ್ಲರೂ ಒಂದೇ ಗುಂಪಾಗಿ ಹೋಗುತ್ತಿರುತ್ತಾರೆ. ಕೊನೆಯ ಹತ್ತು ನಿಮಿಷ ಬಿಟ್ಟರೆ ಏನೂ ನಡೆಯುವುದಿಲ್ಲ ಅನಿಸುತ್ತದೆ. ನನ್ನ ಕಣ್ಣಿಗೆ ಬೀಳದೇ ಇರುವುದು ಏನಿದೆ ಅದರಲ್ಲಿ?

ಉತ್ತರ: ಗಾಳಿ. ಅದು ಟಿವಿಯಲ್ಲಿ ಕಾಣುವುದಿಲ್ಲ, ನಿಜ. ಆದರೆ ಗಾಳಿಗೆ ಯಾರು ಎದೆ ಕೊಟ್ಟಿದ್ದಾರೆ, ಯಾರು ಮರೆಯಲ್ಲಿದ್ದಾರೆ ಅನ್ನೋದು ಕಾಣುತ್ತದೆ. ಆ ನಾಲ್ಕೈದು ಗಂಟೆ ನಡೆಯುತ್ತಿರುವುದು ಪೂರ್ತಿ ಅದೇ.

ಗುಂಪಿನಲ್ಲಿ ಓಡಿಸಿದ್ದರೆ ಇದು ನಿಮ್ಮ ಕಾಲುಗಳಿಗೆ ಆಗಲೇ ಗೊತ್ತಿರುತ್ತದೆ. ನನಗಿಂತ ತುಂಬಾ ಚೆನ್ನಾಗಿ ಓಡಿಸುವವರ ಜೊತೆ ಮೊದಲ ಸಲ ಹೋದ ದಿನ ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಗಂಟೆಗೆ 36 ಕಿ.ಮೀ. ವೇಗ. ಒಬ್ಬನೇ ಆಗಿದ್ದರೆ ಐದು ನಿಮಿಷಕ್ಕೆ ಉಸಿರು ಕಟ್ಟುತ್ತಿತ್ತು. ಮುಂದಿನವರ ಚಕ್ರಕ್ಕೂ ನನ್ನ ಚಕ್ರಕ್ಕೂ ಒಂದು ಮೊಳ ಅಂತರ, ಕಿವಿಯಲ್ಲಿ ಗಾಳಿಯ ಸದ್ದೇ ಇಲ್ಲ, ಚೈನ್‌ಗಳ ಸರಸರ ಮಾತ್ರ. ನೀರು ಕುಡಿಯೋಣ ಅಂತ ಬಾಟಲಿಗೆ ಕೈ ಹಾಕಿದೆ. ಒಂದು ಮೊಳ ಇದ್ದದ್ದು ಒಂದು ಸೈಕಲ್ ಉದ್ದ ಆಯಿತು, ಕಿವಿಯಲ್ಲಿ ಭೋರ್ ಅಂತ ಗಾಳಿ ಶುರುವಾಯಿತು, ಎದ್ದು ನಿಂತು ತುಳಿದೆ, ಅಷ್ಟರಲ್ಲಿ ಎರಡು ಸೈಕಲ್ ಉದ್ದ, ಆಮೇಲೆ ನಾಲ್ಕು. ಅಷ್ಟೇ, ಮತ್ತೆ ಸೇರಲು ಆಗಲೇ ಇಲ್ಲ. ಯಾರೂ ವೇಗ ಹೆಚ್ಚಿಸಿರಲಿಲ್ಲ. ನಾನು ಮರೆ ಬಿಟ್ಟು ಹೊರಗೆ ಬಂದಿದ್ದೆ.

ಮುಂದಿನವರ ಚಕ್ರ ಹಿಡಿದು ಹೋದರೆ ಅದೇ ವೇಗಕ್ಕೆ ಸುಮಾರು ಕಾಲು ಭಾಗದಿಂದ ಮೂರರಲ್ಲಿ ಒಂದು ಭಾಗ ಶಕ್ತಿ ಉಳಿಯುತ್ತದೆ. ದೊಡ್ಡ ಗುಂಪಿನ, ಅಂದರೆ ಪೆಲೊಟಾನ್‌ನ, ಹೊಟ್ಟೆಯೊಳಗೆ ಇದ್ದರೆ ಇನ್ನೂ ಜಾಸ್ತಿ. ಈ ಲೆಕ್ಕ ತಲೆಯಲ್ಲಿ ಇಟ್ಟುಕೊಂಡು ಈಗ ಟಿವಿ ನೋಡಿ. ಮೂರು ನಾಲ್ಕು ಜನ ಮೊದಲೇ ತಪ್ಪಿಸಿಕೊಂಡು ಮುಂದೆ ಹೋಗಿರುತ್ತಾರೆ. ಅದೇ ಬ್ರೇಕ್‌ಅವೇ. ಅವರು ನಾಲ್ಕೇ ಜನ ಗಾಳಿ ಹಂಚಿಕೊಳ್ಳಬೇಕು, ಹಿಂದೆ ನೂರೈವತ್ತಕ್ಕೂ ಜಾಸ್ತಿ ಜನ ಇದ್ದಾರೆ. ಹತ್ತು ಕಿ.ಮೀ.ಗೆ ಒಂದು ನಿಮಿಷದ ಅಂತರವನ್ನು ಗುಂಪು ನುಂಗಿಹಾಕುತ್ತದೆ ಅನ್ನೋದು ಈ ಆಟದ ಹಳೆಯ ಅಂದಾಜು. 40 ಕಿ.ಮೀ. ಉಳಿದಿದೆ, ಅಂತರ ಮೂರು ನಿಮಿಷ ಅಂದರೆ ಸಾಮಾನ್ಯವಾಗಿ ಸಿಕ್ಕಿಬೀಳುತ್ತಾರೆ. ಐದು ನಿಮಿಷ ಅಂದರೆ ಹಿಂದಿನವರಿಗೆ ಬೆವರು ಶುರು. ಈ ಅಂದಾಜು ತಪ್ಪುವ ದಿನ ಯಾಕೆ ತಪ್ಪಿತು ಅಂತ ಯೋಚಿಸುವುದೇ ನನಗೆ ಅರ್ಧ ಖುಷಿ. ಗುಂಪಿನ ಮುಂದಿನ ಸಾಲಿನಲ್ಲಿ ಒಂದು ಗಂಟೆಯಿಂದ ಒಂದೇ ತಂಡದ ಜೆರ್ಸಿ ಕಾಣುತ್ತಿದೆಯಾ? ಹಾಗಿದ್ದರೆ ಆ ತಂಡ ಇಬ್ಬರನ್ನು ಖರ್ಚು ಮಾಡಿಬಿಟ್ಟಿದೆ, ಕೊನೆಯ ಏರಿನಲ್ಲಿ ಅವರ ನಾಯಕ ಒಂಟಿಯಾಗುತ್ತಾರೆ.

ಅಡ್ಡಗಾಳಿ ಬಂದರೆ ಟಿವಿ ಬಿಟ್ಟು ಏಳಲೇಬೇಡಿ. ಗಾಳಿ ಪಕ್ಕದಿಂದ ಹೊಡೆದಾಗ ಮರೆ ಸಿಗುವುದು ಮುಂದಿನವರ ಹಿಂದೆ ಅಲ್ಲ, ಪಕ್ಕದಲ್ಲಿ ಸ್ವಲ್ಪ ಹಿಂದೆ. ಹಾಗಾಗಿ ಸಾಲು ಓರೆಯಾಗಿ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ನಿಲ್ಲುತ್ತದೆ. ರಸ್ತೆಯ ಅಗಲಕ್ಕೆ ಎಷ್ಟು ಜನ ಹಿಡಿಸುತ್ತಾರೋ ಅಷ್ಟು ಜನಕ್ಕೆ ಮಾತ್ರ ಮರೆ, ಉಳಿದವರು ರಸ್ತೆಯಂಚಿನಲ್ಲಿ ಒಬ್ಬರ ಹಿಂದೊಬ್ಬರು ಪೂರ್ತಿ ಗಾಳಿ ತಿನ್ನುತ್ತಾ ನೇತಾಡುತ್ತಾರೆ, ಅವರಲ್ಲಿ ಒಬ್ಬರು ಸೋತರೂ ಅವರ ಹಿಂದಿರುವವರೆಲ್ಲಾ ಕಳಚಿಹೋಗುತ್ತಾರೆ. 2019ರ ಟೂರ್‌ನಲ್ಲಿ ಆಲ್ಬಿ ಊರಿಗೆ ಹೋಗುವ ಹಂತದಲ್ಲಿ (ಮೂರು ವಾರದ ರೇಸ್‌ನ ಒಂದೊಂದು ದಿನದ ಓಟಕ್ಕೆ ಹಂತ ಅನ್ನುತ್ತಾರೆ) ಫ್ರಾನ್ಸಿನ ಸವಾರ ತಿಬೊ ಪಿನೊ ಹೀಗೇ ಸಿಕ್ಕಿಕೊಂಡು 1 ನಿಮಿಷ 40 ಸೆಕೆಂಡ್ ಕಳೆದುಕೊಂಡರು. ದೊಡ್ಡ ಬೆಟ್ಟ ಇಲ್ಲದ ದಿನ ಅದು. ಆಮೇಲೆ ಟೂರ್ಮಲೆ ಏರಿನಲ್ಲಿ ಅದೇ ಪಿನೊ ಎಲ್ಲರನ್ನೂ ಹಿಂದೆ ಹಾಕಿ ಗೆದ್ದರು. ಆ 1 ನಿಮಿಷ 40 ಸೆಕೆಂಡ್ ನೆನೆಸಿಕೊಂಡರೆ ನನಗೆ ಇವತ್ತೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ದಿನದ ಕಥೆ ಹೇಳಲೇಬೇಕು. 2025ರ ಜಿರೋ ಡಿಟಾಲಿಯಾ, ಅಂದರೆ ಇಟಲಿಯ ಮೂರು ವಾರದ ರೇಸ್, 20ನೇ ಹಂತ, ಕೊಲ್ಲೆ ದೆಲ್ಲೆ ಫಿನೆಸ್ತ್ರೆ ಬೆಟ್ಟ. ಸುಮಾರು 18 ಕಿ.ಮೀ. ಏರು, ಮೇಲಿನ 8 ಕಿ.ಮೀ.ಯಷ್ಟು ಬರೀ ಜಲ್ಲಿಕಲ್ಲಿನ ದಾರಿ. ಒಟ್ಟು ಸಮಯದಲ್ಲಿ ಮುಂದಿರುವವರು ಹಾಕುವ ಗುಲಾಬಿ ಜೆರ್ಸಿ ಇಸಾಕ್ ಡೆಲ್ ಟೋರೊ ಮೈಮೇಲೆ. ರಿಚರ್ಡ್ ಕರಪಾಸ್ 43 ಸೆಕೆಂಡ್ ಹಿಂದೆ. ಸೈಮನ್ ಯೇಟ್ಸ್ ಮೂರನೇ ಜಾಗದಲ್ಲಿ, 1 ನಿಮಿಷ 21 ಸೆಕೆಂಡ್ ಹಿಂದೆ. ಯೇಟ್ಸ್ ಏರಿನಲ್ಲಿ ತಪ್ಪಿಸಿಕೊಂಡು ಹೋದರು. ಹಿಂದೆ ಉಳಿದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಉಳಿದರು. ನಾನು ಮುಂದೆ ಹೋದರೆ ನನ್ನ ಹಿಂದೆ ಕೂತು ಇವನು ಗೆಲ್ಲುತ್ತಾನೆ ಅನ್ನೋ ಲೆಕ್ಕ ಇಬ್ಬರದ್ದೂ. ಅಷ್ಟರಲ್ಲಿ ಬೆಟ್ಟದ ಆಚೆ ಯೇಟ್ಸ್ ತಂಡದ ವೌಟ್ ವಾನ್ ಆರ್ಟ್ ಕಾಯುತ್ತಿದ್ದರು. ಅವರು ಮೊದಲೇ ಬ್ರೇಕ್‌ಅವೇಯಲ್ಲಿ ಹೋಗಿದ್ದವರು. ಬೆಟ್ಟ ಇಳಿದ ಮೇಲಿನ ಕಣಿವೆ ದಾರಿಯಲ್ಲಿ ಗಾಳಿ ಪೂರ್ತಿ ತಾವೇ ತಿಂದು ಯೇಟ್ಸ್ ಅವರನ್ನು ಎಳೆದುಕೊಂಡು ಹೋದರು. ಯೇಟ್ಸ್ ಜಿರೋ ಗೆದ್ದರು, ಡೆಲ್ ಟೋರೊಗಿಂತ 3 ನಿಮಿಷ 56 ಸೆಕೆಂಡ್ ಮುಂದೆ. 2018ರಲ್ಲಿ ಇದೇ ಬೆಟ್ಟದಲ್ಲಿ, ಗುಲಾಬಿ ಜೆರ್ಸಿ ಹಾಕಿಕೊಂಡಿದ್ದಾಗಲೇ, ಇದೇ ಯೇಟ್ಸ್ ಕುಸಿದು ಒಂದೇ ದಿನ 38 ನಿಮಿಷಕ್ಕೂ ಜಾಸ್ತಿ ಕಳೆದುಕೊಂಡಿದ್ದರು. ಗುರಿ ಮುಟ್ಟಿದ ಮೇಲೆ ಅವರು ಅತ್ತರು. ನನ್ನ ಕಣ್ಣೂ ಒದ್ದೆಯಾಗಿತ್ತು.

ಆ ದಿನದ ಕೊನೆಯ ಹತ್ತು ನಿಮಿಷ ಮಾತ್ರ ನೋಡಿದವರಿಗೆ ಕಂಡದ್ದು ಒಬ್ಬರೇ ಬಂದು ಜೆರ್ಸಿ ಹಾಕಿಕೊಂಡದ್ದು.

ಪ್ರಶ್ನೆ: ಹಂತ ಗೆದ್ದವರಿಗೆ ಹಳದಿ ಜೆರ್ಸಿ ಯಾಕೆ ಸಿಗುವುದಿಲ್ಲ?

ಉತ್ತರ: ಹಳದಿ ಜೆರ್ಸಿ ಒಟ್ಟು ಸಮಯಕ್ಕೆ. ಎಲ್ಲಾ ಹಂತಗಳ ಸಮಯ ಕೂಡಿಸಿದಾಗ ಯಾರದ್ದು ಕಡಿಮೆಯೋ ಅವರಿಗೆ. ಹಸಿರು ಹಂತಗಳಲ್ಲಿ ಮುಂದೆ ಮುಟ್ಟಿದವರಿಗೆ ಸಿಗುವ ಪಾಯಿಂಟ್‌ಗೆ, ಕೆಂಪು ಚುಕ್ಕೆಯದ್ದು ಬೆಟ್ಟಗಳಿಗೆ, ಬಿಳಿ ಚಿಕ್ಕ ವಯಸ್ಸಿನವರಿಗೆ. ಟೂರ್ ಶುರುಮಾಡಿದ ಪತ್ರಿಕೆ ಹಳದಿ ಕಾಗದದಲ್ಲಿ ಅಚ್ಚಾಗುತ್ತಿತ್ತು, 1919ರಲ್ಲಿ ಹಳದಿ ಜೆರ್ಸಿ ಬಂತು. ಜಿರೋದ ಪತ್ರಿಕೆಯದ್ದು ಗುಲಾಬಿ ಕಾಗದ, ಅದಕ್ಕೇ ಅಲ್ಲಿ ಗುಲಾಬಿ.

ಒಟ್ಟು ಸಮಯ ಅಂದಾಗ ಸುಮ್ನೆ ಲೆಕ್ಕದ ಮಾತು ಅನಿಸಬಹುದು. 1989ರಲ್ಲಿ ಕೊನೆಯ ದಿನ ಲೊರಾನ್ ಫಿನ್ಯೊನ್ 50 ಸೆಕೆಂಡ್ ಮುಂದಿದ್ದರು, ಉಳಿದದ್ದು 24.5 ಕಿ.ಮೀ. ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ಹಂತ. ಗ್ರೆಗ್ ಲೆಮಾಂಡ್ ಕೈಗಳನ್ನು ಮುಂದಕ್ಕೆ ಚಾಚಿ ಇಡುವ ಹೊಸ ಥರದ ಹ್ಯಾಂಡಲ್ ಹಾಕಿಕೊಂಡು ಬಂದರು, ಮೂರು ವಾರದ ರೇಸನ್ನು 8 ಸೆಕೆಂಡ್‌ನಲ್ಲಿ ಗೆದ್ದರು. ಅಲ್ಲೂ ಗಾಳಿಯದ್ದೇ ಕೆಲಸ, ಅಲ್ವಾ? 2024ರ ಮಹಿಳೆಯರ ಟೂರ್‌ನಲ್ಲಿ ಅಂತರ ಇನ್ನೂ ಕಡಿಮೆ. ಡೆಮಿ ವೊಲೆರಿಂಗ್ ಐದನೇ ಹಂತದಲ್ಲಿ ಬಿದ್ದು ಒಂದೂವರೆ ನಿಮಿಷಕ್ಕೂ ಜಾಸ್ತಿ ಕಳೆದುಕೊಂಡರು. ಕೊನೆಯ ದಿನ ಆಲ್ಪ್ ಡ್ಯುಯೆಜ್ ಏರಿನಲ್ಲಿ ಅಷ್ಟನ್ನೂ ತಿರುಗಿ ಗಳಿಸುತ್ತಾ ಬಂದರು, ಹಂತವನ್ನೂ ಗೆದ್ದರು, ಆದರೆ ಕಾಸಿಯಾ ನ್ಯೆವ್ಯಾಡೊಮಾ 4 ಸೆಕೆಂಡ್ ಉಳಿಸಿಕೊಂಡರು. ನಾಲ್ಕು ಸೆಕೆಂಡ್ ಅಂದರೆ ಈ ಸಾಲು ಓದುವಷ್ಟು ಹೊತ್ತು.

ಪ್ರಶ್ನೆ: ತಮ್ಮ ನಾಯಕನಿಗೋಸ್ಕರ ಇಡೀ ದಿನ ದುಡಿದು ಕೊನೆಗೆ ಹಿಂದೆ ಬೀಳುವವರನ್ನು ನೋಡಿದರೆ ನನಗೆ ಬೇಸರ ಆಗುತ್ತದೆ. ಇದು ನ್ಯಾಯವಾ?

ಉತ್ತರ: ನಿಮಗೆ ಬೇಸರ ಆಗುತ್ತದೆ ಅಂದರೆ ನೀವು ಸರಿಯಾದ ಕಡೆ ನೋಡುತ್ತಿದ್ದೀರಿ. ಇವರಿಗೆ ಡೊಮೆಸ್ಟೀಕ್ ಅನ್ನುತ್ತಾರೆ. ಟೂರ್‌ನಲ್ಲಿ ಒಂದು ತಂಡದಲ್ಲಿ ಎಂಟು ಜನ, ಅದರಲ್ಲಿ ಐದಾರು ಜನಕ್ಕೆ ಇದೇ ಕೆಲಸ. ಹಿಂದೆ ಕಾರಿನವರೆಗೆ ಹೋಗಿ ಆರೇಳು ಬಾಟಲಿಗಳನ್ನು ಜೆರ್ಸಿಯ ಬೆನ್ನಿನೊಳಗೆ ತುಂಬಿಕೊಂಡು ಮತ್ತೆ ಮುಂದಕ್ಕೆ ತುಳಿದು ಬಂದು ಹಂಚುತ್ತಾರೆ. ನಾಯಕನ ಚಕ್ರ ಪಂಕ್ಚರ್ ಆದರೆ ತಮ್ಮದು ಬಿಚ್ಚಿ ಕೊಡುತ್ತಾರೆ.

1934ರ ಟೂರ್‌ನಲ್ಲಿ ರೆನೆ ವಿಯೆಟೊ ಅನ್ನೋ ಇಪ್ಪತ್ತು ವರ್ಷದ ಹುಡುಗ ಬೆಟ್ಟಗಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಏರುತ್ತಿದ್ದ. ನಾಯಕ ಆಂತೊನಾನ್ ಮಾನ್ ಅವರ ಚಕ್ರ ಮುರಿದಾಗ ತನ್ನ ಚಕ್ರ ಕೊಟ್ಟ. ಸಹಾಯದ ಗಾಡಿ ಬರುವವರೆಗೆ ರಸ್ತೆ ಪಕ್ಕದ ಕಲ್ಲಿನ ಗೋಡೆ ಮೇಲೆ ಕೂತು ಅತ್ತ. ಪಕ್ಕದಲ್ಲಿ ಒಂದು ಚಕ್ರ ಇಲ್ಲದ ಸೈಕಲ್. ಆ ಫೋಟೊ ಇವತ್ತಿಗೂ ಇದೆ. ಮರುದಿನ ಮಾನ್ ಮತ್ತೆ ಹಿಂದೆ ಸಿಕ್ಕಿಕೊಂಡಾಗ ಅದೇ ಹುಡುಗ ಬಂದ ದಾರಿಯಲ್ಲೇ ಹಿಂದಿರುಗಿ ಹೋಗಿ ಸೈಕಲ್ಲನ್ನೇ ಕೊಟ್ಟ. ಮಾನ್ ಟೂರ್ ಗೆದ್ದರು, ವಿಯೆಟೊ ಐದನೆಯವನಾದ. ಮುಂದೆಂದೂ ಅವನಿಗೆ ಟೂರ್ ದಕ್ಕಲಿಲ್ಲ.

ನ್ಯಾಯವಾ ಅಂತ ಕೇಳಿದರೆ, ವಿಯೆಟೊ ವಿಷಯದಲ್ಲಿ ಅಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೆ ಈಗ ಈ ಕೆಲಸಕ್ಕೆ ಒಳ್ಳೆಯ ಸಂಬಳ ಇದೆ, ಗೆದ್ದ ಹಣ ತಂಡದೊಳಗೆ ಹಂಚಿಹೋಗುತ್ತದೆ, ಇದರಲ್ಲೇ ಹೆಸರು ಮಾಡಿದವರೂ ಇದ್ದಾರೆ. ಗುಂಪಿನಲ್ಲಿ ಒಬ್ಬರು ಸುಸ್ತಾದಾಗ ಅವರ ಮುಂದೆ ಬಂದು ಗಾಳಿ ತಡೆದು ಮನೆ ತಲುಪಿಸಿದ್ದೀರಾ ಯಾವತ್ತಾದರೂ? ಆ ದಿನದ ಖುಷಿ ಬೇರೆಯೇ ಥರದ್ದು. ಡೊಮೆಸ್ಟೀಕ್‌ಗಳು ಯಾಕೆ ಮತ್ತೆ ಮತ್ತೆ ಅದನ್ನೇ ಮಾಡುತ್ತಾರೆ ಅಂತ ನನಗೆ ಅರ್ಥವಾದದ್ದು ಹಾಗೆ ಒಬ್ಬರನ್ನು ಕರೆತಂದ ಮೇಲೆ.

ಪ್ರಶ್ನೆ: ತುಳಿಯುವ ಶಕ್ತಿಯನ್ನು ವಾಟ್‌ನಲ್ಲಿ ಅಳೆಯುವ ಪವರ್ ಮೀಟರ್ ಹಾಕಿಸಿದ ಮೇಲೆ ಮನಸ್ಸೇ ಕುಗ್ಗಿದೆ. ಒಂದು ಗಂಟೆ ಕಷ್ಟಪಟ್ಟರೆ ನನಗೆ 210 ವಾಟ್ ಬರುತ್ತದೆ. ಟೂರ್ ಓಡಿಸುವವರದ್ದು ನೋಡಿದರೆ 400ರ ಮೇಲೆ. ರೈಡ್‌ಗಳನ್ನು ದಾಖಲಿಸುವ ಸ್ಟ್ರಾವಾ ಆ್ಯಪ್ ತೆಗೆಯಲೇ ಬೇಜಾರು.

ಉತ್ತರ: ನಿಮ್ಮ ತೂಕ ಬರೆದಿಲ್ಲ. 70 ಕಿಲೊ ಅಂದುಕೊಂಡರೆ ಕಿಲೊಗೆ 3 ವಾಟ್, ಕೆಲಸ ಸಂಸಾರ ನೋಡಿಕೊಂಡು ಓಡಿಸುವವರಿಗೆ ತುಂಬಾ ಒಳ್ಳೆಯದೇ. ದೊಡ್ಡ ರೇಸ್‌ನ ಮುಂದಾಳುಗಳು ಕೊನೆಯ ಏರಿನಲ್ಲಿ ಅರ್ಧ ಗಂಟೆ ಕಿಲೊಗೆ 6 ಅಥವಾ ಅದಕ್ಕೂ ಜಾಸ್ತಿ ಹಿಡಿಯುತ್ತಾರೆ, ಅದೂ ನಾಲ್ಕು ಗಂಟೆ ತುಳಿದ ಮೇಲೆ. ನಿಮಗೂ ನನಗೂ ಅದು ಒಂದೆರಡು ನಿಮಿಷದ ಮಾತು. ಈ ಅಂತರ ತುಂಬುವುದಿಲ್ಲ, ತುಂಬಬೇಕಾಗಿಯೂ ಇಲ್ಲ. ಹೋದ ವರ್ಷದ ನಿಮ್ಮದೇ ಅಂಕಿಯ ಪಕ್ಕದಲ್ಲಿ ಈ ವರ್ಷದ್ದು ಇಟ್ಟು ನೋಡಿ.

ಅವರಿಂದ ಧೈರ್ಯ ಬೇಕು ಅಂದರೆ ಬೆಟ್ಟದ ದಿನ ಕೊನೆಯ ಗುಂಪನ್ನು ನೋಡಿ. ಅದಕ್ಕೆ ಗ್ರುಪೆಟ್ಟೊ ಅನ್ನುತ್ತಾರೆ. ಸ್ಪ್ರಿಂಟರ್‌ಗಳು (ಸಮತಟ್ಟಾದ ದಿನ ಕೊನೆಯಲ್ಲಿ ಜೋರಾಗಿ ನುಗ್ಗುವವರು), ಬಿದ್ದು ಗಾಯ ಆದವರು, ಹೊಟ್ಟೆ ಕೆಟ್ಟವರು ಎಲ್ಲಾ ಒಟ್ಟಿಗೆ ತುಳಿಯುತ್ತಾರೆ. ಗೆದ್ದವರ ಸಮಯಕ್ಕೆ ಇಂತಿಷ್ಟು ಶೇಕಡಾ ಸೇರಿಸಿ ಒಂದು ಗಡುವು ಇರುತ್ತದೆ, ಅದರೊಳಗೆ ಮುಟ್ಟದಿದ್ದರೆ ಮನೆಗೆ. 2024ರ ಟೂರ್‌ನ ಮೊದಲ ದಿನ ಇಟಲಿಯ ಬಿಸಿಲಿನಲ್ಲಿ ಮಾರ್ಕ್ ಕ್ಯಾವೆಂಡಿಶ್ ವಾಂತಿ ಮಾಡಿಕೊಳ್ಳುತ್ತಾ ಎಲ್ಲರಿಗಿಂತ ಹಿಂದೆ ಬಿದ್ದಿದ್ದರು. ವಯಸ್ಸು 39. ಹಿಂದಿನ ವರ್ಷ ಕಾಲರ್ ಬೋನ್ ಮುರಿದುಕೊಂಡು ಟೂರ್ ಬಿಟ್ಟು ಹೋಗಿದ್ದವರು. ತಂಡದವರು ಸುತ್ತ ನಿಂತು ಅವರನ್ನು ಗಡುವಿನೊಳಗೆ ತಲುಪಿಸಿದರು. ನಾಲ್ಕು ದಿನ ಆದಮೇಲೆ, ಐದನೇ ಹಂತದಲ್ಲಿ, ಅದೇ ಕ್ಯಾವೆಂಡಿಶ್ ಸ್ಪ್ರಿಂಟ್ ಗೆದ್ದು ಒಟ್ಟು 35 ಹಂತ ಗೆದ್ದವರಾದರು, ಎಡ್ಡಿ ಮರ್ಕ್ಸ್ ಅವರ 34ರ ದಾಖಲೆ ಮುರಿಯಿತು. ಮೊದಲ ದಿನ ಅವರ ವಾಟ್ ಎಷ್ಟಿತ್ತು ಅಂತ ಯಾರೂ ಕೇಳುವುದಿಲ್ಲ.

ಪ್ರಶ್ನೆ: ದೊಡ್ಡ ರೇಸ್‌ನವರನ್ನು ನೋಡಿ ನಾವು ಏನು ಕಲಿಯಬಹುದು, ಏನು ಕಲಿಯಬಾರದು?

ಉತ್ತರ: ಕಲಿಯಬಾರದ್ದು ಮೊದಲು. ಇಳಿಜಾರು. ಅವರ ರಸ್ತೆ ಮುಚ್ಚಿರುತ್ತದೆ, ಎದುರಿಗೆ ಲಾರಿ ಬರುವುದಿಲ್ಲ, ತಿರುವುಗಳನ್ನು ಮೊದಲೇ ನೋಡಿಕೊಂಡಿರುತ್ತಾರೆ. ಅಷ್ಟಿದ್ದೂ 2023ರಲ್ಲಿ ಸ್ವಿಟ್ಜರ್ಲೆಂಡ್ ಟೂರ್‌ನ ಆಲ್ಬುಲಾ ಇಳಿಜಾರಿನಲ್ಲಿ ಬಿದ್ದ ಗಿನೊ ಮೇಡರ್ ಉಳಿಯಲಿಲ್ಲ. ಅವರಿಗಿನ್ನೂ 26 ವರ್ಷ. ಸೀಟು ಬಿಟ್ಟು ಫ್ರೇಮಿನ ಮೇಲಿನ ಕೊಳವೆ ಮೇಲೆ ಕೂತು ಇಳಿಯುವುದನ್ನು 2021ರಿಂದ ಅವರಿಗೇ ನಿಷೇಧಿಸಿದ್ದಾರೆ, ಹಳೇ ವಿಡಿಯೊ ನೋಡಿ ಯಾರೂ ಪ್ರಯತ್ನ ಮಾಡಬೇಡಿ, ದಯವಿಟ್ಟು. ಹೆಲ್ಮೆಟ್ ಕಡ್ಡಾಯ ಆದದ್ದು 2003ರಲ್ಲಿ, ಪ್ಯಾರಿಸ್–ನೀಸ್ ರೇಸ್‌ನಲ್ಲಿ ಆಂದ್ರೆ ಕಿವಿಲೆವ್ ತಲೆಗೆ ಪೆಟ್ಟಾಗಿ ತೀರಿಕೊಂಡ ಮೇಲೆ.

ಕಲಿಯಬೇಕಾದ್ದು ಬೇಕಾದಷ್ಟಿದೆ. ಹಸಿವಾಗುವ ಮೊದಲೇ ತಿನ್ನುವುದು. ಅವರು ಈಗ ಗಂಟೆಗೆ 90ರಿಂದ 120 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನುತ್ತಾರೆ. ನಮಗೆ ಮೂರು ಗಂಟೆಯ ರೈಡ್‌ಗೆ ಗಂಟೆಗೆ 30ರಿಂದ 60 ಸಾಕು, ಆದರೆ ಮೊದಲ ಗಂಟೆಯಿಂದಲೇ ಶುರುಮಾಡಬೇಕು. ಅಗಲದ ಟೈರ್. ಮೊದಲು ಎಲ್ಲರೂ 23 ಮಿ.ಮೀ. ಟೈರಿಗೆ ಕಲ್ಲಿನಂತೆ ಗಾಳಿ ತುಂಬುತ್ತಿದ್ದರು, ಈಗ ಅವರೇ 28, 30 ಹಾಕಿ ಗಾಳಿ ಕಡಿಮೆ ಇಡುತ್ತಾರೆ. ಒರಟು ರಸ್ತೆಯಲ್ಲಿ ಅದೇ ಜೋರು, ಕೈಗೂ ಸುಖ. ಆಮೇಲೆ ಅವರ ಭುಜ ನೋಡಿ. ಎಷ್ಟು ಕಷ್ಟದ ಏರಿದ್ದರೂ ಭುಜ ಸಡಿಲ, ಮೊಣಕೈ ಮಡಚಿರುತ್ತದೆ.

ಪ್ರಶ್ನೆ: ಆರ್ಮ್‌ಸ್ಟ್ರಾಂಗ್ ಆದಮೇಲೂ ಈ ಆಟವನ್ನು ನಂಬುತ್ತೀರಾ?

ಉತ್ತರ: ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಉದ್ದೀಪನ ಮದ್ದು ತೆಗೆದುಕೊಂಡದ್ದಕ್ಕೆ, 1999ರಿಂದ 2005ರವರೆಗೆ ಗೆದ್ದ ಏಳು ಟೂರ್‌ಗಳನ್ನು 2012ರಲ್ಲಿ ಅವರಿಂದ ಕಿತ್ತುಕೊಂಡರು. ಆ ವರ್ಷಗಳ ಗೆಲುವಿನ ಪಟ್ಟಿಯಲ್ಲಿ ಜಾಗ ಖಾಲಿಯೇ ಇದೆ. ನಾನು ಅವರನ್ನು ತುಂಬಾ ನಂಬಿದ್ದೆ, ನೋವಾಯಿತು, ಎರಡು ವರ್ಷ ಯಾವ ರೇಸ್ ಕೂಡ ನೋಡಲಿಲ್ಲ. ಮತ್ತೆ ನೋಡಲು ಶುರುಮಾಡಿದ್ದು ಸೈಕಲ್ ತುಳಿಯಲು ಶುರುಮಾಡಿದ ಮೇಲೆ. ಈಗ ರಕ್ತದ ಅಂಕಿಗಳನ್ನು ವರ್ಷವಿಡೀ ಗಮನಿಸುವ ಪದ್ಧತಿ ಇದೆ, 2008ರಲ್ಲಿ ಶುರುವಾದದ್ದು. ಎಲ್ಲರ ಪರವಾಗಿ ನಾನು ಆಣೆ ಮಾಡಲಾರೆ. ಸಿಕ್ಕಿಬೀಳುವವರು ಸಿಕ್ಕಿಬೀಳಲಿ ಅಂತ ಬಯಸುತ್ತೇನೆ, ಉಳಿದವರನ್ನು ನಂಬಿ ನೋಡುತ್ತೇನೆ.

ಪ್ರಶ್ನೆ: ಮೂರು ವಾರದ ರೇಸ್ ನೋಡುವಷ್ಟು ಟೈಮ್ ಇಲ್ಲ. ಒಂದು ದಿನದ್ದು ಯಾವುದು ನೋಡಲಿ?

ಉತ್ತರ: ಏಪ್ರಿಲ್‌ನ ಪ್ಯಾರಿಸ್–ರೂಬೆ. ಐವತ್ತು ಕಿ.ಮೀ.ಗೂ ಜಾಸ್ತಿ ಹಳೇ ಕಲ್ಲುಹಾಸಿನ ದಾರಿ, ಗೆದ್ದವರಿಗೆ ಕೊಡುವುದೂ ಅದೇ ಥರದ ಒಂದು ಕಲ್ಲು. 2021ರಲ್ಲಿ ಮಹಿಳೆಯರಿಗೆ ಮೊದಲ ಸಲ ಈ ರೇಸ್ ನಡೆದಾಗ ಲಿಜ್ಜಿ ಡೇನನ್ 80 ಕಿ.ಮೀ.ಗೂ ಜಾಸ್ತಿ ಒಬ್ಬರೇ ಮುಂದೆ ತುಳಿದು ಗೆದ್ದರು. ಕೈಗೆ ಗ್ಲೌಸ್ ಇರಲಿಲ್ಲ. ರೇಸ್ ಮುಗಿದ ಮೇಲೆ ಹ್ಯಾಂಡಲ್‌ನ ಟೇಪ್ ಮೇಲೆ ರಕ್ತದ ಕಲೆ ಇತ್ತು. ಅದನ್ನು ಹುಡುಕಿ ನೋಡಿ. ಅರ್ಧ ಗಂಟೆ ಮಾತ್ರ ಇದೆ ಅಂದರೆ ಮಾರ್ಚ್‌ನ ಮಿಲಾನ್–ಸಾನ್ ರೆಮೊದ ಕೊನೆಯ ಎರಡು ಏರು, ಚಿಪ್ರೆಸ್ಸಾ ಮತ್ತು ಪೊಜ್ಜೊ. ಎರಡೂ ಅಷ್ಟೇನೂ ಕಡಿದಾದ ಏರಲ್ಲ. 260 ಕಿ.ಮೀ. ತುಳಿದ ಮೇಲೆ ಬರುತ್ತವೆ, ಅದೇ ಕಷ್ಟ.

ಪ್ರಶ್ನೆ: ಗುಂಪಿನಲ್ಲಿ ಮುಂದೆ ಬಂದರೆ ಎಷ್ಟು ಹೊತ್ತು ಇರಬೇಕು, ಹೇಗೆ ಹಿಂದೆ ಸರಿಯಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ಕೇಳಲು ಸಂಕೋಚ.

ಉತ್ತರ: ಸಂಕೋಚ ಬೇಡ, ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಟಿವಿಯಲ್ಲಿ ಬ್ರೇಕ್‌ಅವೇ ನೋಡಿ ಕಲಿತೆ. ಮುಂದೆ ಬಂದಾಗ ವೇಗ ಏರಿಸಬೇಡಿ, ಇದ್ದದ್ದನ್ನೇ ಹಿಡಿಯಿರಿ. ಒಂದೆರಡು ನಿಮಿಷ ಸಾಕು, ಸುಸ್ತಾಗಿದ್ದರೆ ಇಪ್ಪತ್ತು ಸೆಕೆಂಡ್ ಇದ್ದರೂ ಯಾರೂ ಬೈಯುವುದಿಲ್ಲ. ಸರಿಯುವ ಮುನ್ನ ಹಿಂದೆ ವಾಹನ ಬರುತ್ತಿದೆಯಾ ನೋಡಿಕೊಳ್ಳಿ. ಆಮೇಲೆ ಮೊಣಕೈಯನ್ನು ಒಂದು ಸಲ ಹೊರಗೆ ಅಲ್ಲಾಡಿಸಿ, ಹಿಂದಿನವರಿಗೆ ಮುಂದೆ ಬನ್ನಿ ಅಂತ ಅರ್ಥ. ಗುಂಪಿನಲ್ಲಿ ಯಾವ ಕಡೆಗೆ ಸರಿಯುವುದು ರೂಢಿಯೋ ಆ ಕಡೆಗೇ ಸರಿಯಿರಿ. ಬ್ರೇಕ್ ಮುಟ್ಟಬೇಡಿ, ಪೆಡಲ್ ನಿಲ್ಲಿಸಬೇಡಿ, ಸ್ವಲ್ಪ ಮೆಲ್ಲಗೆ ತುಳಿಯಿರಿ, ಸಾಲು ತಾನಾಗಿ ನಿಮ್ಮನ್ನು ದಾಟುತ್ತದೆ. ಒಂದು ಮಾತ್ರ ಮರೆಯಬೇಡಿ. ಕೊನೆಯವರು ನಿಮ್ಮ ಪಕ್ಕಕ್ಕೆ ಬರುವ ಮೊದಲೇ ಪೆಡಲ್ ಮತ್ತೆ ಜೋರು ಮಾಡಿ. ಅವರು ದಾಟಿದ ಮೇಲೆ ಜೋರು ಮಾಡಿದರೆ ಆ ಚಕ್ರ ಸಿಗುವುದಿಲ್ಲ.